ಹಾಲಜ್ಜಿಯ ಬೆಚ್ಚನೆಯ ಮೊಟ್ಟೆ

ನನ್ನನ್ನು ನೋಡಲು ನಾಲ್ಕನೆಯ ಗಂಡು ಬಂದ ದಿನ ನಮ್ಮ ಓಣಿಯ ಹನ್ನೊಂದು ಮನೆಯವರೂ ಮೊಟ್ಟೆ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಅವರನ್ನು ಅವ್ವ ಕರೆದಿರಲಿಲ್ಲ, ನಾನಂತೂ ಕರೆಯುವ ಮಾತೇ ಇಲ್ಲ. ಹನ್ನೊಂದು ಗಂಟೆಯ ಬಸ್ಸಿಗೆ ಪರಊರಿನ ಇಬ್ಬರು ಇಳಿಯುತ್ತಾರೆಂಬ ಸುದ್ದಿ ಹಿಂದಿನ ದಿನವೇ ಹಬ್ಬಿತ್ತು, ಅಷ್ಟು ಸಾಕು. ಪರಊರಿನವರು ಬಂದರೆ ಬೇರೆ ಊರುಗಳಲ್ಲಿ ಮೊದಲು ಕಾಲಿಗೆ ನೀರು ಕೊಡುತ್ತಾರಂತೆ. ನಮ್ಮಲ್ಲಿ ಮೊದಲು ಮೂಗಿಗೆ ಕೆಲಸ ಕೊಡುತ್ತೇವೆ.

ನಮ್ಮೂರಿನಲ್ಲಿ ಯಾರಿಗೂ ವಾಸನೆ ತಿಳಿಯುವುದಿಲ್ಲ. ಇಲ್ಲಿ ಹುಟ್ಟಿದವರಿಗೆ ಮೊದಲಿನಿಂದಲೂ ಇಲ್ಲ, ಊರು ಬಿಟ್ಟು ಎಲ್ಲಿಗೆ ಹೋದರೂ ಬರುವುದಿಲ್ಲ. ಹೊರಗಿನಿಂದ ಬಂದವರಿಗೆ ಬಂದ ದಿನ ಇರುತ್ತದೆ. ಒಂದು ರಾತ್ರಿ ಇಲ್ಲಿ ಮಲಗಿ ಎದ್ದರೆ ಅವರದೂ ಹೋಗುತ್ತದೆ, ತಿರುಗಿ ಬಸ್ಸು ಹತ್ತಿ ಕೆರೆ ದಾಟಿದ ಮೇಲೆ ಮತ್ತೆ ಬರುತ್ತದಂತೆ. ನಮ್ಮವರ ಮೂಗಿರುವುದು ನತ್ತು ಇಡಲಿಕ್ಕೆ, ಇಲ್ಲವೇ ಮಂದಿಯ ಮನೆಯ ವಿಷಯದಲ್ಲಿ ತೂರಿಸಲಿಕ್ಕೆ. ಇದರಿಂದ ನಮಗೆ ಅಂಥ ತೊಂದರೆಯೇನೂ ಇಲ್ಲ. ಒಲೆಯ ಮೇಲೆ ಹಾಲಿಟ್ಟರೆ ಯಾರಾದರೊಬ್ಬರು ಎದುರಿಗೇ ಕುಳಿತಿರುತ್ತಾರೆ. ಸೀಮೆಎಣ್ಣೆಯನ್ನು ಕೆಂಪು ಬಾಟಲಿ ಬಿಟ್ಟು ಬೇರೆ ಯಾವುದರಲ್ಲೂ ಇಡುವುದಿಲ್ಲ. ಮುಡಿಯಲು ಮಲ್ಲಿಗೆಗಿಂತ ಅಬ್ಬಲಿಗೆ ಹೆಚ್ಚು, ಅದಕ್ಕೆ ಬಣ್ಣವಾದರೂ ಇದೆ. ಊದುಬತ್ತಿ ಮಾರುವವನೊಬ್ಬ ಒಂದು ವಾರ ಓಣಿ ಓಣಿ ಸುತ್ತಿ, "ನಿಮಗ ಬ್ಯಾಡ ಅಂದ್ರ ಬ್ಯಾಡ, ನಿಮ್ಮ ದೇವರಿಗಾದ್ರೂ ಬೇಕಲ್ರಿ" ಎಂದು ಅಂಗಲಾಚಿ, ಕೊನೆಗೆ ಗಂಟು ಕಟ್ಟಿಕೊಂಡು ಹೋದದ್ದು ನನಗೆ ನೆನಪಿದೆ.

ತೊಂದರೆ ಇರುವುದು ಮೊಟ್ಟೆಯದು. ನಮ್ಮ ಕೋಳಿಗಳಿಗೆ ಒಂದು ಜಾಗ, ಒಂದು ಹೊತ್ತು ಎಂಬುದಿಲ್ಲ. ಸೌದೆಯ ಹಿಂದೆ, ಹಳೆಯ ಟೈರಿನೊಳಗೆ, ಯಾರದೋ ಮನೆಯ ಅಟ್ಟದ ಮೇಲೆ ಇಟ್ಟು ಬರುತ್ತವೆ. ಸಿಕ್ಕಿದ ಮೊಟ್ಟೆ ಇವತ್ತಿನದೋ ಹೋದ ತಿಂಗಳಿನದೋ ಯಾರಿಗೆ ಗೊತ್ತು? ಅದನ್ನು ತಿಳಿಯಲು ನೀರಿನ ಪರೀಕ್ಷೆ ಇದೆ. ಒಂದು ಬೋಗುಣಿಯ ತುಂಬ ತಣ್ಣೀರು ತುಂಬಿ ಮೊಟ್ಟೆಯನ್ನು ಮೆಲ್ಲಗೆ ಬಿಟ್ಟರೆ, ಹೊಸದು ತಳದಲ್ಲಿ ಅಡ್ಡಡ್ಡ ಮಲಗುತ್ತದೆ. ದಿನ ಕಳೆದದ್ದು ತಳದಲ್ಲೇ ನೆಟ್ಟಗೆ ನಿಲ್ಲುತ್ತದೆ, ಅದನ್ನು ಅವತ್ತೇ ಬೇಯಿಸಿ ತಿಂದು ಮುಗಿಸಬೇಕು. ಮೇಲೆ ತೇಲಿದರೆ ತಿಪ್ಪೆಗೆ. ನಾನು ಹೊಲಿಗೆ ಕೆಲಸದವಳು, ಅಳತೆ ಇಲ್ಲದೆ ನನಗೆ ಯಾವುದೂ ನಂಬಿಕೆ ಬರುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ನೀರಿನ ಪರೀಕ್ಷೆ ಮಾಡುವವಳು ನಾನೊಬ್ಬಳೇ. ಉಳಿದವರಿಗೆ ಅದು ಬೇರೆ ದಾರಿ ಇಲ್ಲದಾಗ ಮಾಡುವಂಥದ್ದು. ನೀರು ವಯಸ್ಸು ಹೇಳುತ್ತದೆ, ಗುಣ ಹೇಳುವುದು ಮೂಗೇ ಎಂಬುದು ಅವರ ವಾದ. ಕೆಟ್ಟ ಮೊಟ್ಟೆಯ ವಾಸನೆ ಚಿಪ್ಪಿನ ಮೇಲಿಂದಲೇ ಬರುತ್ತದಂತೆ. ನಾನು ಕೇಳಿ ಬಲ್ಲೆ, ಅಷ್ಟೆ. ಆದ್ದರಿಂದ ಹೊರಗಿನ ಮೂಗು ಬರುವವರೆಗೆ ವಾರಗಟ್ಟಲೆ ಮೊಟ್ಟೆ ಕೂಡಿಡುವವರಿದ್ದಾರೆ. ಬಂದ ಮೂಗು ಒಮ್ಮೆ ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ. ಎದುರು ಮಾತನಾಡಿದರೆ ಅತಿಥಿಗೆ ಅವಮಾನ ಮಾಡಿದ ಹಾಗೆ.

ಆದರೆ ಇದೇ ಮೂಗಿನ ದೆಸೆಯಿಂದ ನನ್ನ ಮದುವೆ ಮೂರು ಸಲ ಮುರಿದಿತ್ತು. ಮೊದಲನೆಯವರು, ಹಾಲು ಹೊತ್ತಿದರೂ ತಿಳಿಯದ ಸೊಸೆ ನಮಗೆ ಬೇಡ ಎಂದರು. ಎರಡನೆಯವರ ತಾಯಿ ಎರಡು ತಟ್ಟೆ ತಂದು, ಒಂದರಲ್ಲಿ ಹಳಸಿದ ಅನ್ನ ಇದೆ, ಯಾವುದೆಂದು ಹೇಳು ಎಂದಳು. ನಾನು ಎರಡನ್ನೂ ನೀವೇ ಉಂಡುಬಿಡಿ, ಸಂಜೆಗೆ ಗೊತ್ತಾಗುತ್ತದೆ ಎಂದೆ. ಮೂರನೆಯವರಿಗೆ ಆ ಮಾತಿನ ಸುದ್ದಿ ಮುಟ್ಟಿತ್ತು. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಬೇಕಾಗಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ. ಹೊಲಿಯುತ್ತ ಕುಳಿತಾಗ ಬೇರೆಯವರ ಮದುವೆಯ ಕುಪ್ಪಸದ ಮೇಲೆ ಕಣ್ಣೀರು ಬಿದ್ದದ್ದೂ ಇದೆ, ಸುಳ್ಳೇಕೆ ಹೇಳಲಿ?

ಬಸ್ಸಿನಿಂದ ಇಳಿದವರು ಗಂಡು ರೇವಪ್ಪ, ಮತ್ತವನ ಸೋದರಮಾವ ಕರೆಪ್ಪ. ರೇವಪ್ಪ ಎತ್ತರದ ಆಳು, ಮುವ್ವತ್ತೆರಡು ಮುವ್ವತ್ಮೂರು ವಯಸ್ಸಿರಬೇಕು, ಇಸ್ತ್ರಿಯ ಅಂಗಿ, ಕುತ್ತಿಗೆಯ ಗುಂಡಿಯವರೆಗೆ ಹಾಕಿಕೊಂಡಿದ್ದ. ಮಾವ ಹೊಸಿಲು ದಾಟುವ ಮೊದಲೇ ಸೊಂಟದಿಂದ ಡಬ್ಬಿ ತೆಗೆದು ಚಿಟಿಕೆ ನಸ್ಯ ಏರಿಸಿದರು. ಅದನ್ನು ಕಂಡು ಕಟ್ಟೆಯ ಮೇಲಿನವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ನಸ್ಯದ ಮೂಗನ್ನು ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಹಿರಿಯಾರದು ಬ್ಯಾಡ ಬಿಡ್ರಿ," ಎಂದಳು ಪಕ್ಕದ ಮನೆಯ ಚಾಂದಬೀ ಖಾಲಾ. "ಹುಡುಗಂದು ಛಲೋ ಐತಿ, ಹೊಸಾ ಮೂಗು. ಬರ್ರಿ ಅಳಿಯಂದ್ರs, ಇಲ್ಲಿ ಕುಂದರ್ರಿ. ಒಂದೀಟು ಈ ತತ್ತಿ ಮೂಸಿ ಹೇಳ್ರಿ. ನಮ್ಮ ಶಮೀಮ ಹಡದು ಹನ್ನೊಂದು ದಿನಾ ಆತು, ಜ್ವರಾ ಬಂದು ಭಾಳ ಸೋತಾಳ. ಹಸಿ ತತ್ತಿ ಬಿಸಿ ಹಾಲಾಗ ಹಾಕಿ ಕೊಡ್ಬೇಕಂತ ಕಾದ ಕುಂತೀನಿ."

ಕರೆಪ್ಪ ಮಾಮಾ ಗಾಬರಿಯಾದದ್ದು ನನಗೆ ಒಳಗಿನಿಂದಲೇ ಕಂಡಿತು. "ಅಂವಗ ನೆಗಡಿ ಐತ್ರಿ," ಎಂದರು.

"ಇಲ್ಲ ಮಾಮಾ," ಎಂದ ರೇವಪ್ಪ. ಇಷ್ಟು ಹೊತ್ತು ನೆಲ ನೋಡುತ್ತಿದ್ದವನು ತಲೆ ಎತ್ತಿ ಸಾಲನ್ನು ನೋಡಿದ. ಹನ್ನೊಂದು ಮನೆಯವರೂ ಅವನನ್ನೇ ನೋಡುತ್ತಿದ್ದರು, ಆಸೆಯಿಂದ, ಮರ್ಯಾದೆಯಿಂದ. ಅವನ ಮುಖ ಏನೋ ಬದಲಾಯಿತು. "ಕೊಡ್ರಿ," ಎಂದು ಕೈ ಚಾಚಿದ.

ನಾನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದೆ. ನಮ್ಮೂರಿನವರಿಗೆ ಮೂಗು ಕೆಲಸ ಮಾಡುವುದಿಲ್ಲ, ನಿಜ, ಆದರೆ ಮೂಸುವವರ ಮುಖ ಓದುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ರೇವಪ್ಪ ಪ್ರತಿಯೊಂದನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ತುಸು ಹೊತ್ತು ತಡೆದು, "ಛಲೋ ಐತಿ" ಎನ್ನುತ್ತಿದ್ದ. ಇದ್ದದ್ದರಲ್ಲಿ ಜಾಸ್ತಿ ಹೊತ್ತು ಮೂಸಿದ್ದು ನಮ್ಮ ಮನೆಯ ಮೊಟ್ಟೆ. "ಇದು ಎಲ್ಲಾದಕ್ಕಿಂತ ಛಲೋ ಐತ್ರಿ ಅತ್ತಿ," ಎಂದ. ಅವ್ವ ಸಂಭ್ರಮದಿಂದ ಅದನ್ನು ಬೇರೆ ಬಟ್ಟಲಲ್ಲಿಟ್ಟು, ಸಂಜೆ ಅವನಿಗೇ ಹುರಿದು ಕೊಡುವುದಾಗಿ ಎಲ್ಲರ ಮುಂದೆ ಹೇಳಿದಳು. ಒಟ್ಟು ನಲವತ್ಮೂರು ಮೊಟ್ಟೆ. ನಲವತ್ತೊಂದು ಪಾಸು, ಎರಡು ನಪಾಸು. ಆ ಎರಡರಲ್ಲಿ ಒಂದು ಹಾಲಜ್ಜಿಯದು.

ಹಾಲಜ್ಜಿ ಓಣಿಯ ಕೊನೆಯ ಮನೆಯವಳು. ಅವಳಿಗೆ ಇರುವುದೊಂದೇ ಕೋಳಿ, ಅವಳು ತಂದಿದ್ದ ಮೊಟ್ಟೆಯೂ ಒಂದೇ. ರೇವಪ್ಪ "ಇದು ಬ್ಯಾಡ್ರಿ" ಎಂದಾಗ ಅಜ್ಜಿಯ ಬಾಯಿ ತೆರೆದುಕೊಂಡಿತು. "ಯಪ್ಪಾ, ಈಗಷ್ಟ..." ಎಂದು ಶುರು ಮಾಡಿದಳು. ಪಕ್ಕದವರು "ಸುಮ್ಮನಿರು ಅಜ್ಜಿ, ಬೀಗರ ಮುಂದ ವಾದಾ ಮಾಡ್ತಾರೇನು?" ಎಂದು ತಡೆದರು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಮೊಟ್ಟೆಯನ್ನು ಕಟ್ಟೆಯ ಮೇಲೇ ಬಿಟ್ಟು ಎದ್ದುಹೋದಳು. ಅವ್ವ ಅದನ್ನು ತಿಪ್ಪೆಗೆ ಎಸೆದು ಬಾ ಎಂದು ನನ್ನ ಕೈಗೆ ಕೊಟ್ಟಳು.

ಕೈಗೆ ಕೊಟ್ಟಾಗ ಅದು ಇನ್ನೂ ಬೆಚ್ಚಗಿತ್ತು.

ನಾನು ಹಿತ್ತಲಿಗೆ ಹೋಗಿ ತಿಪ್ಪೆಯ ಮುಂದೆ ನಿಂತೆ. ಎಸೆಯಲು ಮನಸ್ಸು ಬರಲಿಲ್ಲ. ಬಿಸಿಲಿಗೆ ಬೆಚ್ಚಗಾಗಿರಬಹುದು ಎಂದುಕೊಂಡೆ, ಆದರೆ ಕಟ್ಟೆಯ ಮೇಲೆ ಆ ಹೊತ್ತಿಗೆ ಬಿಸಿಲು ಬೀಳುವುದಿಲ್ಲ. ನೀರಿನ ತೊಟ್ಟಿಯ ಪಕ್ಕದಲ್ಲಿದ್ದ ಬೋಗುಣಿಗೆ ನೀರು ತುಂಬಿ ಮೊಟ್ಟೆ ಬಿಟ್ಟೆ. ಅದು ನೇರ ತಳಕ್ಕೆ ಹೋಗಿ ಅಡ್ಡ ಮಲಗಿತು, ಅಲುಗಾಡಲೂ ಇಲ್ಲ. ಅದಕ್ಕಿಂತ ಹೊಸ ಮೊಟ್ಟೆ ಬೇಕೆಂದರೆ ಕೋಳಿಯ ಹೊಟ್ಟೆಗೇ ಕೈ ಹಾಕಬೇಕಿತ್ತು. ಒಳ್ಳೆಯದನ್ನು ಕೆಟ್ಟದ್ದು ಎಂದ ಮೂಗು ಕೆಟ್ಟದ್ದನ್ನು ಒಳ್ಳೆಯದು ಎಂದಿಲ್ಲ ಎಂಬುದಕ್ಕೆ ಏನು ಖಾತ್ರಿ? ಅಷ್ಟು ಹೊತ್ತಿಗೆ ನಲವತ್ತೊಂದು ಮೊಟ್ಟೆಗಳೂ ಹನ್ನೊಂದು ಅಡುಗೆಮನೆ ಸೇರಿದ್ದವು.

ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಹುಡುಗ ಹಿಡಿಸಿದ್ದ. ಚಹಾ ಕೊಡಲು ಹೋದಾಗ ಬಟ್ಟಲು ಬಿಸಿ ಇದೆ ಎಂದು ತನ್ನ ಕರವಸ್ತ್ರ ಮಡಚಿ ನನ್ನ ಕೈಯ ಕೆಳಗೆ ಹಿಡಿದಿದ್ದ. ಈಗ ನಾನು ಬಾಯಿ ಬಿಟ್ಟರೆ ಓಣಿಯವರ ಮುಂದೆ ಅವನ ಮರ್ಯಾದೆ ಹೋಗುತ್ತದೆ, ನನ್ನ ನಾಲ್ಕನೆಯ ಸಂಬಂಧವೂ ಹೋಗುತ್ತದೆ. ಬಾಯಿ ಬಿಡದಿದ್ದರೆ ಶಮೀಮಳ ಹಾಲಿನ ಬಟ್ಟಲಿಗೆ ಏನು ಬೀಳುತ್ತದೋ ಯಾರಿಗೆ ಗೊತ್ತು. ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೀಗೆ ಹೊಯ್ದಾಡುತ್ತಿರುವಾಗಲೇ ಅವ್ವನ ದನಿ ಕೇಳಿಸಿತು. "ಮಾಳವ್ವಾ, ಅವರು ಹಿತ್ತಲಕ್ಕ ಬರಾಕತ್ತಾರ. ಇಬ್ರೂ ಒಂದೀಟು ಮಾತಾಡ್ರಿ."

ರೇವಪ್ಪ ಬಂದು ಕರಿಬೇವಿನ ಗಿಡದ ಹತ್ತಿರ ನಿಂತ. ಏನು ಓದಿದ್ದೀರಿ, ಎಷ್ಟು ಜನ ಅಕ್ಕತಂಗಿಯರು ಎಂದೆಲ್ಲ ಕೇಳುವ ವೇಳೆ ಅದಾಗಿರಲಿಲ್ಲ. ನಾನು ಬೋಗುಣಿಯನ್ನು ಅವನ ಮುಂದೆ ಇಟ್ಟೆ.

"ಇದು ಹಾಲಜ್ಜಿ ತತ್ತಿ," ಎಂದೆ. "ಈಗಷ್ಟ ಇಟ್ಟದ್ದು. ಹೆಂಗ ಮಲಗೇತಿ ನೋಡ್ರಿ. ನಿಮ್ಮ ಮೂಗಿಗೆ ಇದು ಯಾಕ ಕೆಟ್ಟದ್ದು ಅನಿಸ್ತು?"

ಅವನು ಬೋಗುಣಿಯನ್ನೇ ನೋಡಿದ. ಜಗಳವಾಡುತ್ತಾನೆ, ನೀರಿನ ಪರೀಕ್ಷೆಗೆ ಏನು ಬೆಲೆ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ನಿಧಾನವಾಗಿ ನೆಲಕ್ಕೆ ಕುಳಿತ.

"ನನಗ ಮೂಗಿಲ್ರಿ," ಎಂದ. "ಹುಟ್ಟಿದಾಗಿಂದ ಇಲ್ಲ. ನಮ್ಮೂರಾಗ ಎಲ್ಲಾರಿಗೂ ಐತಿ, ನನಗೊಬ್ಬಗ ಇಲ್ಲ. ಒಣಮೀನಿನ ಗೋದಾಮಿನ್ಯಾಗ ಹನ್ನೊಂದು ವರ್ಷದಿಂದ ಕೆಲಸಾ ಮಾಡ್ತೀನಿ. ಬ್ಯಾರೆ ಯಾರೂ ಅಲ್ಲಿ ಒಂದು ತಾಸು ನಿಂದ್ರಂಗಿಲ್ಲ, ಅದಕ್ಕ ಮಾಲಕರಿಗೆ ನಾ ಅಂದ್ರ ಭಾಳ ಪ್ರೀತಿ. ಆದ್ರ ಬಸ್ಸಿನ್ಯಾಗ ಮಂದಿ ನನ್ನ ಬಾಜೂಕ ಕುಂದ್ರೂದಿಲ್ಲ. ನನ್ನ ಮೈಯಾಗ ಏನು ವಾಸನಿ ಐತೋ ನನಗೇನು ತಿಳೀತೈತಿ? ಮಂದಿ ಮಾರಿ ನೋಡಿ ತಿಳಕೋತೀನಿ. ಇವತ್ತು ಮಾಮಾ ಅರ್ಧಾ ಬಾಟ್ಲಿ ಅತ್ತರ ಸುರುವ್ಯಾರ."

"ನನಗ ಅದೂ ತಿಳೀಲಿಲ್ಲ," ಎಂದೆ.

"ಅದs ಮತ್ತ. ನಿಮ್ಮವ್ವ ನನ್ನ ಬಾಜೂಕ ಕುಂತು ಉಪ್ಪಿಟ್ಟು ಬಡಿಸಿದ್ರು." ಬೋಗುಣಿಯ ಕಡೆ ನೋಡುತ್ತ ಮುಂದುವರಿಸಿದ. "ತತ್ತಿ ಕೊಟ್ಟಾಗ ಮಾಮಾ ನೆಗಡಿ ಅಂದ್ರು. ಹೂಂ ಅಂದಿದ್ರ ಮುಗೀತಿತ್ತು. ಆದ್ರ ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ಹುಟ್ಟಿದಾಗಿಂದ ನಾ ಮಂದಿ ಮಾರಿ ನೋಡೇನಿ, ನನ್ನ ಮಾರಿ ಹಂಗ ಯಾರೂ ನೋಡಿರ್ಲಿಲ್ಲ. ಒಂದು ದಿನಾರ ಮೂಗಿದ್ದಾಂವ ಆಗೂಣು ಅನಿಸ್ತು. ಎಲ್ಲಾ ಛಲೋ ಅಂದ್ರ ಸಂಶೇ ಬರ್ತೈತಂತ ನಡುವ ಎರಡು ತಗದಿಟ್ಟೆ."

ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೆಂದು ಹೇಳಲಾರೆ. ಆದರೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. "ಚಾಂದಬೀ ಖಾಲಾ ಹಾಲು ಕಾಸಾಕ ಹೋಗ್ಯಾಳ," ಎಂದೆ. ಅಷ್ಟು ಸಾಕಾಯಿತು. ಅವನು ಧಡಕ್ಕನೆ ಎದ್ದ. ಚಪ್ಪಲಿ ಮೆಟ್ಟದೆ, ಹಿತ್ತಲ ಬಾಗಿಲಿನಿಂದಲೇ ಓಡಿದ. ನಾನು ಹಾಲಜ್ಜಿಯ ಮೊಟ್ಟೆಯನ್ನು ಸೆರಗಿಗೆ ಕಟ್ಟಿಕೊಂಡು, ನೀರು ತುಂಬಿದ ಬೋಗುಣಿ ಎತ್ತಿಕೊಂಡು ಹಿಂದೆ ಹೋದೆ. ಅರ್ಧ ನೀರು ನನ್ನ ಹೊಸ ಸೀರೆಯ ಮೇಲೆ ಚೆಲ್ಲಿತು.

ನಾವು ಹೋಗುವಷ್ಟರಲ್ಲಿ ಶಮೀಮ ಬಟ್ಟಲು ಬರಿದು ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂಸು ಮಲಗಿತ್ತು. ಚಾಂದಬೀ ಖಾಲಾ ನಗುನಗುತ್ತ ಬಾಗಿಲಿಗೆ ಬಂದಳು. "ಬರ್ರಿ ಅಳಿಯಂದ್ರs, ಕುಡದ್ಲು ನೋಡ್ರಿ, ಪೂರ್ತಿ ಕುಡದ್ಲು. ನಿಮ್ಮ ಪುಣ್ಯಾ."

ರೇವಪ್ಪ ಹೊಸಿಲಲ್ಲೇ ನಿಂತ. ಓಣಿಯಲ್ಲಿ ಮೂರ್ನಾಲ್ಕು ಜನ ಸೇರಿದ್ದರು, ಬರಿಗಾಲಲ್ಲಿ ಓಡಿದ ಗಂಡನ್ನು ನೋಡಿದರೆ ಯಾರು ಮನೆಯಲ್ಲಿ ಕೂರುತ್ತಾರೆ? ಅವನು ಕೈ ಮುಗಿದ. "ತಪ್ಪಾತ್ರಿ. ನನಗ ವಾಸನಿ ತಿಳಿಯಂಗಿಲ್ಲ. ಹುಟ್ಟಾ ಇಲ್ಲ. ನಾ ಸುಳ್ಳು ಹೇಳೀನಿ. ಯಾರೂ ಆ ತತ್ತಿ ತಿನಬ್ಯಾಡ್ರಿ." ಹಿತ್ತಲಲ್ಲಿ ಹೇಳಿದ್ದಕ್ಕಿಂತ ಇದು ಗಟ್ಟಿಯಾಗಿತ್ತು. ಓಣಿಯ ಆ ತುದಿಯವರೆಗೂ ಕೇಳಿಸಿರಬೇಕು. ಚಾಂದಬೀ ಖಾಲಾಳ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

ನಾನು ಬೋಗುಣಿಯನ್ನು ನೆಲಕ್ಕಿಟ್ಟು ಅವರ ಮನೆಯ ಕೊಡದಿಂದ ನೀರು ತುಂಬಿದೆ. "ಖಾಲಾ, ಉಳದ ತತ್ತಿ ಎಲ್ಲಿ ಅದಾವ? ಎಲ್ಲಾ ಒಂದs ಕೋಳೀವೇನು?"

"ಒಂದs ಕೋಳೀವು, ಒಂದs ಜಾಗಾದಾಗ ಸಿಕ್ಕಾವ. ಆರಿದ್ವು, ಒಂದು ಹಾಕೇನಿ," ಎಂದಳು. ಐದನ್ನು ತಂದು ನನ್ನ ಮುಂದಿಟ್ಟಳು. ಒಂದು ಬಿಟ್ಟೆ, ಮಲಗಿತು. ಎರಡನೆಯದು ಮಲಗಿತು. ಮೂರು, ನಾಲ್ಕು. ಐದನೆಯದು ಇಳಿಯುತ್ತ ಒಂದು ತುದಿ ಎತ್ತಿತು. ಅಲ್ಲಿದ್ದವರೆಲ್ಲ ಬೋಗುಣಿಯ ಮೇಲೆ ಬಗ್ಗಿದರು. ತಳ ಮುಟ್ಟಿ, ತುಸು ವಾಲಾಡಿ, ಅದೂ ಅಡ್ಡಕ್ಕೆ ಮಲಗಿತು.

"ಒಡದಾಗ ಹಳದಿ ಹೆಂಗಿತ್ತು?" ಎಂದೆ. "ಹರದು ನೀರಾಗಿತ್ತೋ, ಗುಂಡಗ ನಿಂತಿತ್ತೋ?"

ಖಾಲಾ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಗುಂಡಗ ನಿಂತಿತ್ತು. ಚಮಚಾದಿಂದ ಚುಚ್ಚೀನಿ, ಆಮ್ಯಾಲ ಒಡೀತು. ಖರೇನs ಗುಂಡಗ ನಿಂತಿತ್ತು ಮಾಳವ್ವಾ."

"ಹಂಗಾರ ಏನೂ ಆಗೂದಿಲ್ಲ. ಅದು ವಾರ ಎಂಟು ದಿನದ ಒಳಗಿಂದು."

ಚಾಂದಬೀ ಖಾಲಾ ಹೊಸಿಲ ಮೇಲೆ ಕುಸಿದು ಕುಳಿತು ಜೋರಾಗಿ ಅತ್ತುಬಿಟ್ಟಳು. ಶಮೀಮ ಹಾಸಿಗೆಯ ಮೇಲಿಂದಲೇ, "ಏನಾತಮ್ಮಾ, ಯಾಕ ಅಳ್ತಿ? ಇನ್ನೊಂದು ಬಟ್ಲಾ ಇದ್ರ ಕೊಡು" ಎಂದಳು. ಅದನ್ನು ಕೇಳಿ ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಬೋಗುಣಿ ಎತ್ತಿಕೊಂಡೆ.

ಆಮೇಲೆ ಶುರುವಾಯಿತು ಮೆರವಣಿಗೆ. ಮುಂದೆ ಬೋಗುಣಿ ಹಿಡಿದ ನಾನು, ಹಿಂದೆ ನೀರಿನ ಕೊಡ ಹೊತ್ತ ರೇವಪ್ಪ, ಅವನ ಹಿಂದೆ "ಸಾಕು ಬಾರೋ ಮಾರಾಯಾ, ಮರ್ಯಾದಿ ಹೋತು" ಎನ್ನುತ್ತ ಮಾಮಾ, ಅವರ ಹಿಂದೆ ಓಣಿ. ಒಂದು ಮನೆಯಲ್ಲಿ ಎಣ್ಣೆ ಕಾದಿತ್ತು, ಇನ್ನೊಂದರಲ್ಲಿ ಮೊಟ್ಟೆ ಕುದಿಯುವ ನೀರಿಗೆ ಬೀಳುವುದರಲ್ಲಿತ್ತು. ಎಲ್ಲ ಕಡೆ ನಿಲ್ಲಿಸಿ, ಒಂದೊಂದಾಗಿ ನೀರಿಗೆ ಬಿಟ್ಟು ನೋಡಿದೆವು. ಮೊದಮೊದಲು ಜನ ಅವನಿಗೆ ಮುಖ ಕೊಡಲಿಲ್ಲ. ನಾಲ್ಕನೆಯ ಮನೆಯ ಹೊತ್ತಿಗೆ, ನೀರು ಹಾಕುವಾಗ ಕೊಡ ಎತ್ತರ ಹಿಡಿಯಬೇಡಿ, ಮೊಟ್ಟೆ ಒಡೆಯುತ್ತದೆ ಎಂದು ಬೈಯತೊಡಗಿದರು. ನಮ್ಮೂರಲ್ಲಿ ಬೈಯಲು ಶುರು ಮಾಡಿದರೆಂದರೆ ಅರ್ಧ ಕ್ಷಮಿಸಿದರೆಂದೇ ಅರ್ಥ. ಮಲಗಿದ ಪ್ರತಿ ಮೊಟ್ಟೆಗೂ ಅವನು "ಮಲಗ್ತು" ಎಂದು ಉಸಿರು ಬಿಡುತ್ತಿದ್ದ. ಏಳನೆಯ ಮನೆಯಿಂದ ಓಣಿಯವರೂ ಅವನ ಜೊತೆಗೆ "ಮಲಗ್ತು" ಎನ್ನತೊಡಗಿದರು. ಎರಡು ಮೊಟ್ಟೆಗಳು ಮಾತ್ರ ತಳದಲ್ಲಿ ನೆಟ್ಟಗೆ ನಿಂತವು, ಇವತ್ತೇ ಬೇಯಿಸಿ ಮುಗಿಸಿರಿ ಎಂದು ಹೇಳಿ ಬಂದೆವು. ಅವನು ನಪಾಸು ಮಾಡಿದ್ದ ಇನ್ನೊಂದು ಮೊಟ್ಟೆಯನ್ನೂ ತಿಪ್ಪೆಯಿಂದ ಆರಿಸಿ ತಂದರು, ಒಡೆದಿರಲಿಲ್ಲ. ಅದೂ ಅಡ್ಡಡ್ಡ ಮಲಗಿತು.

ಕೊನೆಗೆ ಉಳಿದದ್ದು ನಮ್ಮ ಮನೆಯದು. ಅವ್ವ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಸುದ್ದಿ ಮುಟ್ಟಿತ್ತು, ಮುಖ ಕೆಂಪಾಗಿತ್ತು. "ಸುಳ್ಳು ಹೇಳೋ ಗಂಡು ನಮಗ ಬ್ಯಾಡ," ಎಂದಳು ಕರೆಪ್ಪ ಮಾಮಾನಿಗೆ. "ಐದರ ಬಸ್ಸು ಐತಿ, ನಡೀರಿ."

"ಅವ್ವಾ, ಮೊದಲ ನಮ್ಮ ತತ್ತಿ ತಗೊಂಬಾ," ಎಂದೆ.

"ನಮ್ಮದಕ್ಕ ಏನಾಗೇತಿ? ನಮ್ಮದು ನನಗ ಗೊತ್ತಿಲ್ಲೇನು?" ಎನ್ನುತ್ತಲೇ ಒಳಗೆ ಹೋಗಿ ಬಟ್ಟಲು ತಂದಳು. ಅದರಲ್ಲಿ ಅದೊಂದೇ ಮೊಟ್ಟೆ. ಅವ್ವ ತಾನೇ ನೀರಿಗೆ ಬಿಟ್ಟಳು, ಸ್ವಲ್ಪ ಜಂಬದಿಂದಲೇ. ಮೊಟ್ಟೆ ಒಮ್ಮೆ ಮುಳುಗಿದಂತೆ ಮಾಡಿ ಬುಡಕ್ಕನೆ ಮೇಲೆ ಬಂದು, ಬೋಗುಣಿಯ ನಡುವೆ ಗಿರಗಿರ ತಿರುಗುತ್ತ ತೇಲಿತು. ನಲವತ್ಮೂರರಲ್ಲಿ ಕೆಟ್ಟದ್ದು ಅದೊಂದೇ. ಎಲ್ಲದಕ್ಕಿಂತ ಛಲೋ ಇದೆ ಎನ್ನಿಸಿಕೊಂಡದ್ದೂ ಅದೇ.

ಮೊದಲು ನಕ್ಕವಳು ಚಾಂದಬೀ ಖಾಲಾ. ಆಮೇಲೆ ಇಡೀ ಓಣಿ ನಕ್ಕಿತು. ಕರೆಪ್ಪ ಮಾಮಾ ನಗಲೋ ಬೇಡವೋ ತಿಳಿಯದೆ ನಸ್ಯದ ಡಬ್ಬಿ ಹುಡುಕಿದರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಸಿಟ್ಟಿನಿಂದ ಎಂದು ನಾನು ಹೆದರಿದೆ, ನೋಡಿದರೆ ಅವಳ ಭುಜ ಕುಣಿಯುತ್ತಿತ್ತು. "ಸಂಜೀಕ ಇದನ್ನs ಹುರದು ಹಾಕಾಕಿದ್ದೆ ಯವ್ವಾ, ಇವರಿಗೆ," ಎಂದಳು. "ಇವರು ಹೇಳಿರ್ಲಿಲ್ಲಂದ್ರ ನಾನs ಬೀಗರ ಹೊಟ್ಟಿ ಕೆಡಸ್ತಿದ್ದೆ."

ಜನ ಚದುರುವಾಗ ಹಾಲಜ್ಜಿ ಕೋಲೂರಿಕೊಂಡು ಬಂದಳು. ನಾನು ಸೆರಗಿನ ಗಂಟು ಬಿಚ್ಚಿ ಅವಳ ಮೊಟ್ಟೆ ಕೊಟ್ಟೆ. ಅವಳು ಅದನ್ನು ಹಿಂದುಮುಂದು ನೋಡಿ, ರೇವಪ್ಪನ ಎದುರು ಹೋಗಿ ನಿಂತಳು. ಅವನ ಎದೆಯ ಮಟ್ಟಕ್ಕೂ ಬರದ ಮುದುಕಿ.

"ಮೂಗಿಲ್ಲ, ಆತು," ಎಂದಳು. "ನಮಗೂ ಇಲ್ಲ. ತತ್ತಿ ಬೆಚ್ಚಗಿತ್ತಲ್ಲೋ, ಕೈ ಇರ್ಲಿಲ್ಲೇನು ನಿನಗ?"

ರೇವಪ್ಪ ತಲೆ ತಗ್ಗಿಸಿದ. "ಇತ್ತಜ್ಜಿ. ಕೈಗೆ ಗೊತ್ತಾಗಿತ್ತು. ಮೂಗಿದ್ದಾಂವನ ಆಟಾ ಆಡೂದರಾಗ ಕೈ ಮಾತು ಕೇಳಲಿಲ್ಲ."

"ಇನ್ನಮ್ಯಾಲ ಕೇಳು," ಎಂದು ಅಜ್ಜಿ ಮೊಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು. ಮಾಮಾ ಒಳಗೆ ಅವ್ವನ ಹತ್ತಿರ ಮಾತಾಡುತ್ತಿದ್ದರು, ಮೂಗಿನ ವಿಷಯ ಮದುವೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆವು, ತಪ್ಪು ನನ್ನದು, ಹುಡುಗನದಲ್ಲ ಎಂದು. ರೇವಪ್ಪ ಚಪ್ಪಲಿ ಹುಡುಕಿ ತಂದು ಮೆಟ್ಟಿದ. ಹೋಗಬೇಕೋ ಕೂರಬೇಕೋ ತಿಳಿಯದೆ ಕಂಬ ಹಿಡಿದು ನಿಂತ. ಪಾದಕ್ಕೆಲ್ಲ ಓಣಿಯ ಕೆಸರು ಮೆತ್ತಿತ್ತು, ಇಸ್ತ್ರಿಯ ಅಂಗಿ ಕೊಡದ ನೀರಿಗೆ ನೆನೆದು ಮೈಗೆ ಅಂಟಿತ್ತು. ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಇದ್ದುದಕ್ಕಿಂತ ಈಗಲೇ ಚೆನ್ನಾಗಿ ಕಂಡ.

"ನಂದೊಂದು ಮಾತೈತಿ," ಎಂದೆ.

"ಹೇಳ್ರಿ."

"ಹಾಲು ಹೊತ್ತಿದ್ರ ಇಬ್ರಿಗೂ ತಿಳಿಯೂದಿಲ್ಲ. ಅದಕ್ಕ ಒಲಿ ಮುಂದ ಕುಂತ್ರ ಆತು, ಅದೇನು ದೊಡ್ಡದಲ್ಲ. ಆದ್ರ ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನಬೇಕು. ನನ್ನ ಮುಂದೂ ಅನ್ನಬೇಕು, ನಾಕು ಮಂದಿ ಮುಂದೂ ಅನ್ನಬೇಕು. ಸಾಯೂತನಕ ಹಂಗಿರಾಕ ಆಗ್ತೈತೇನು ನಿಮಗ?"

ಥಟ್ಟನೆ ಆಗುತ್ತದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವನು ಕಂಬಕ್ಕೆ ಒರಗಿ ಯೋಚಿಸಿದ. ಬೆಳಿಗ್ಗೆ ಮೊಟ್ಟೆ ಮೂಸುವಾಗ ಮಾಡಿದ ಹಾಗೆ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದ. ಕೊನೆಗೆ ತೀರ ಸಣ್ಣ ದನಿಯಲ್ಲಿ ಹೇಳಿದ.

"ಗೊತ್ತಿಲ್ರಿ."

ಎಷ್ಟೋ ವರ್ಷಗಳಿಂದ ಬಿಗಿಹಿಡಿದಿದ್ದ ಏನೋ ಒಂದು ನನ್ನೊಳಗೆ ಸಡಿಲವಾಯಿತು. ನಾನು ಗೋಡೆಗೆ ಒರಗಿ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಒಳಗಿನಿಂದ ಅವ್ವ ಕೂಗಿದಳು.

"ಏನಾತಬೇ ಮಾಳವ್ವಾ? ಏನಂದ್ರು ಅವರು?"

"ಹೂಂ ಅಂದ್ರವ್ವಾ," ಎಂದೆ. "ನಾನೂ ಹೂಂ ಅಂದೆ."